ಸೇನಾಪತಿಯ ಸಾವು, ಯುವರಾಣಿಯ ತಿಥಿ

ಹಲ್ಲುಜ್ಜುತ್ತಿದ್ದ ಭೀಮರಾಜನ ಫೋನಿಗೆ ಸಂತಾಪ ಸಂದೇಶಗಳು ಸಾಲುಗಟ್ಟಿ ಬರತೊಡಗಿದವು. ‘ಓಂ ಶಾಂತಿ.’ ‘ತುಂಬಲಾರದ ನಷ್ಟ.’ ‘ಧೈರ್ಯ ತಂದುಕೊಳ್ಳಿ ಸಾರ್.’ ಹೋದವರು ಯಾರೆಂದು ತಿಳಿಯದೆ, ಬಾಯಲ್ಲಿ ನೊರೆ ತುಂಬಿಕೊಂಡೇ ಒಂದೊಂದನ್ನೂ ಓದುತ್ತ ಹೋದ. ಕೊನೆಗೆ ಗೊತ್ತಾಯಿತು. ಸತ್ತವನು ಸೇನಾಪತಿ ಅಗ್ನಿಕೇತು.

ಅಗ್ನಿಕೇತು ಭೀಮರಾಜನ ಅನ್ನದಾತ. ಹೆಬ್ಬಾಳದ ಕಂಪನಿಯೊಂದು ‘ನೀಲಾವರ್ತ’ ಎಂಬ ಮೊಬೈಲ್ ಆಟ ನಡೆಸುತ್ತಿತ್ತು. ಆ ಆಟದ ಲೋಕವನ್ನೇ ಇಟ್ಟುಕೊಂಡು ಕಾದಂಬರಿ ಬರೆಯಲು ಕೆಲವರನ್ನು ಗೊತ್ತುಮಾಡಿ, ಒಬ್ಬ ಲೇಖಕನಿಗೆ ಒಂದೇ ಪಾತ್ರದಂತೆ ಹಂಚಿಕೊಟ್ಟಿತ್ತು. ಲೋಕ ಎಲ್ಲರದು, ನಾಯಕ ಅವರವರದು. ಆ್ಯಪಿನಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಏನು ನಡೆಯಿತೋ ಅದು ಆ ಲೋಕದಲ್ಲಿ ನಡೆದುಹೋದಂತೆ. ಹಿಂದಕ್ಕೆ ಪಡೆಯುವ ಮಾತಿಲ್ಲ. ಸತ್ತವರು ಎದ್ದು ಬರುವಂತಿಲ್ಲ. ಹಾರುವ ಆನೆಗಳಿರುವ ಲೋಕದಲ್ಲಿ ಸಂಜೀವಿನಿಗೆ ಮಾತ್ರ ನಿಷೇಧ. ನಾಯಕ ಸತ್ತರೆ ಅವನ ಲೇಖಕನ ಕರಾರೂ ಅಲ್ಲಿಗೆ ಮುಗಿಯಿತು.

ಅಂಥ ಅಗ್ನಿಕೇತುವನ್ನು ಅಟ್ಟೂರಿನ ಯಶವಂತ್ ಎಂಬ ಲೇಖಕ ತನ್ನ ಹೊಸ ಕಾದಂಬರಿಯಲ್ಲಿ ಕೊಂದಿದ್ದ. ಯುದ್ಧದಲ್ಲಾದರೂ ಕೊಂದನೇ ಎಂದರೆ ಅದೂ ಇಲ್ಲ. ಅರಮನೆಯ ಅಡುಗೆಮನೆಯಲ್ಲಿ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬಿದ್ದು ಸೇನಾಪತಿ ತೀರಿಕೊಂಡಿದ್ದ. ಯಶವಂತನ ನಾಯಕಿ ಯುವರಾಣಿ ಚಂದ್ರಸೇನೆ ಹೆಣದ ಪಕ್ಕದಲ್ಲೇ ಹಾದು ಊಟಕ್ಕೆ ಹೋಗಿದ್ದಳು.

“ಹೋಗ್ಬಿಟ್ಟ, ನನ್ ಸೇನಾಪತಿ ಹೋಗ್ಬಿಟ್ಟ” ಎಂದು ಭೀಮರಾಜ ಗೋಳಿಟ್ಟದ್ದು ಕೆಳಗಿನ ಮನೆಗೆ ಕೇಳಿಸಿತು. ಮನೆ ಮಾಲೀಕರ ಹೆಂಡತಿ ನಾರಾಯಣಮ್ಮ, ಸಾವಿನ ಮನೆಗೆ ಕೊಂಡೊಯ್ಯುವಂತೆ, ಉಪ್ಪಿಟ್ಟಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಒಲೆ ಅಚ್ಬ್ಯಾಡಿ. ಯಾರಪ್ಪಾ ತೀರ್ಕಂಡಿದ್ದು? ಮಿಲಿಟ್ರಿಲಿದ್ರಾ?”

“ಇಲ್ಲ ನಾರಾಯಣಮ್ಮ, ಕತೇಲಿದ್ದ.”

“ಕತೇಲಿದ್ರೂ ಜೀವ ಜೀವಾನೇ. ತಿನ್ನಿ, ಆರೋಯ್ತದೆ.”

ಅವರ ಹಿಂದೆಯೇ ಮಾಲೀಕ ಪಿಳ್ಳಣ್ಣನೂ ಬಂದರು. ಕೊಡಿಗೇಹಳ್ಳಿಯ ಹಳೆಯ ಕುಳ. ಅಪ್ಪನ ಜಮೀನಿನಲ್ಲಿ ಅರ್ಧ ಏರ್‌ಪೋರ್ಟ್ ರಸ್ತೆಗೆ ಹೋಗಿತ್ತು, ಉಳಿದರ್ಧದ ಮೇಲೆ ಈ ನಾಲ್ಕಂತಸ್ತು ನಿಂತಿತ್ತು. ಅವರು ಇಡೀ ಕತೆಯನ್ನು ಸರ್ವೆಯವನ ಎದುರು ಕೂತವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು.

“ಅವ್ನು ನಿಮ್ ಬಾಂದ್‌ಕಲ್ಲು ಕಿತ್ತವ್ನೆ ಕಣ್ರೀ.”

“ಕಂಪನಿಗೆ ದೂರು ಕೊಡ್ತೀನಿ ಪಿಳ್ಳಣ್ಣ.”

“ನಾನೂ ಕೊಟ್ಟಿದ್ದೆ. ಕೋರ್ಟಿಗೆ ತಿರುಗಿ ತಿರುಗಿ ಚಪ್ಪಲಿ ಸವೀತು. ಅಷ್ಟ್ರಾಗೆ ನನ್ ಜಾಗಕ್ಕೆ ರಾತ್ರೋರಾತ್ರಿ ಕಾಂಪೌಂಡ್ ಆಕ್ದೋನು ಮನೆ ಕಟ್ಟಿ, ಗೃಹಪ್ರವೇಶಕ್ಕೆ ನನ್ನೇ ಕರ್ದ. ಓಳಿಗೆ ಚೆನ್ನಾಗಿತ್ತು ಅನ್ನಿ. ನೀವು ದೂರು ಗೀರು ಬಿಟ್ಟು ಕಾಂಪೌಂಡ್ ಆಕಿ.”

“ಅಂದ್ರೆ?”

“ಅವನ್ ಯುವರಾಣೀನ ತೆಗೀರಿ.”

ಭೀಮರಾಜನಂಥ ಹಳೆಯ ಲೇಖಕರು ಯಾರ ಒಪ್ಪಿಗೆಗೂ ಕಾಯದೆ ಆ್ಯಪಿಗೆ ನೇರವಾಗಿ ಹಾಕಬಹುದಿತ್ತು. ಕರಾರು ಮುಗಿದ ಕಾಗದ ಬರುವುದರೊಳಗೆ ಒಂದು ಕಿರುಕಾದಂಬರಿ ಸಾಕು. ಭೀಮರಾಜ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಂಪನಿಯಲ್ಲಿ ಲೇಖಕರ ಉಸ್ತುವಾರಿ ನೋಡುವ ಮಧುಶ್ರೀ. ಪಿಳ್ಳಣ್ಣ ಫೋನನ್ನು ಬೋರಲು ಹಾಕಿದರು.

“ಎತ್‌ಬ್ಯಾಡಿ. ರಾಜಿ ಮಾಡ್ಕಳಿ ಅಂತಾರೆ. ರಾಜಿ ಅನ್ನೋರೆಲ್ಲ ಆಚೆ ಕಡೆಯೋರೇ.”

ಭೀಮರಾಜ ಬರೆದ. ವಿಷಬಾಣ ತಗುಲಿ ಚಂದ್ರಸೇನೆ ಹೊಳೆಗೆ ಬಿದ್ದಳು. ಓದಿ ಹೇಳಿದಾಗ ನಾರಾಯಣಮ್ಮ ಬಾಯಿ ಸೊಟ್ಟ ಮಾಡಿದರು.

“ಒಳೇಲಿ ಬಿದ್ದೋರು ಸಾಯಾಕಿಲ್ಲ. ಸೀರಿಯಲ್ಲಾಗೆ ನೋಡಿಲ್ವಾ? ಕೆಳಗಡೆ ಯಾರೋ ಮೀನಿಡಿಯೋನು ಎತ್ಕೊಂಡು ಮದ್ದು ಕೊಡ್ತಾನೆ.”

ಭೀಮರಾಜ ಹೆಣವನ್ನು ದಡಕ್ಕೆ ತಂದ.

“ಅದು ಅವ್ಳದೇ ಅಂತ ಏನ್ ಗ್ಯಾರಂಟಿ? ಅವಳಿ ಜವಳಿ ಇದ್ರೆ?” ಎಂದರು ನಾರಾಯಣಮ್ಮ.

ಹೆತ್ತ ತಾಯಿಯನ್ನೇ ಕರೆಸಿ, ಬೆನ್ನಿನ ಮಚ್ಚೆ ತೋರಿಸಿ, ಗುರುತು ಹಿಡಿಸಿದ. ಚಿತೆಗೆ ಬೆಂಕಿಯಿಟ್ಟ. ಬೂದಿಯನ್ನು ಮೂರು ನದಿಗಳಲ್ಲಿ ಬಿಡಿಸಿದ. ಪಿಳ್ಳಣ್ಣನಿಗೆ ಅಷ್ಟೂ ಸಾಲಲಿಲ್ಲ.

“ತಿಥಿ ಮಾಡ್ಸಿ. ತಿಥಿ ಊಟ ಉಂಡೋರೆಲ್ಲ ಸಾಕ್ಷಿ. ನಾಳೆ ಯಾವನೂ ‘ಬದ್ಕವ್ಳೆ’ ಅಂತ ಬಾಯ್ ಬಿಡಂಗಿಲ್ಲ.”

ಹೀಗೆ ಕಾದಂಬರಿಯಲ್ಲಿ ಎಲ್ಲಕ್ಕಿಂತ ಉದ್ದದ ಅಧ್ಯಾಯ ತಿಥಿಯದಾಯಿತು. ಊಟದ ವಿವರವನ್ನು ನಾರಾಯಣಮ್ಮ ನಿಂತು ಬರೆಸಿದರು. ಹಿಮಗಿರಿಯ ರಾಕ್ಷಸರು, ಹಕ್ಕಿಮೊಗದ ಯೋಧರು, ಪಾತಾಳದ ಮಂತ್ರವಾದಿಗಳು ಸಾಲಾಗಿ ಎಲೆಯ ಮುಂದೆ ಕೂತು ವಡೆ ಪಾಯಸ ತಿಂದು, “ಒಳ್ಳೇ ಹುಡುಗಿ” ಎನ್ನುತ್ತ ಕೈ ತೊಳೆದರು. ಫೋನು ಮೇಜಿನ ಮೇಲೆ ಮಗುಚಿ ಬಿದ್ದ ಜಿರಳೆಯಂತೆ ಆಗಾಗ ಒದ್ದಾಡುತ್ತಲೇ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಭೀಮರಾಜ ‘ಪ್ರಕಟಿಸು’ ಒತ್ತಿದ. ಎದೆ ಹಗುರಾಯಿತು. ಈಗ ಎಂಥ ರಾಜಿಯ ಮಾತಿಗೂ ಉತ್ತರ ಕೊಡಬಲ್ಲೆನೆಂದು ತಾನೇ ಮಧುಶ್ರೀಗೆ ಫೋನ್ ಮಾಡಿದ.

“ಎಲ್ ಹೋಗಿದ್ರಿ ಸಾರ್? ಸೇನಾಪತಿ ವಿಷ್ಯ ನಿಮಗೆ ಮುಂಚೇನೇ ಹೇಳ್ಬೇಕಿತ್ತು. ಸಾರಿ.”

“ಸಾರಿ ಎಲ್ಲ ಬೇಡ ಮೇಡಂ. ಯಶವಂತ್ ಮಾಡಿದ್ದಕ್ಕೆ ಅವ್ರೇ ಅನುಭವಿಸ್ತಾರೆ.”

“ಅಯ್ಯೋ, ಅವ್ರದೇನೂ ತಪ್ಪಿಲ್ಲ. ನಾವೇ ಹೇಳಿ ಮಾಡಿಸಿದ್ದು. ಅವ್ರು ಟಿವಿಗೆ ಬರೆಯೋಕೆ ಹೋಗ್ತಿದಾರೆ. ಅವ್ರ ಜಾಗಕ್ಕೆ ನೀವೇ ಅಂತ ಮೀಟಿಂಗಲ್ಲಿ ತೀರ್ಮಾನ ಆಯ್ತು. ಒಬ್ರಿಗೆ ಒಂದೇ ಪಾತ್ರ ಅಲ್ವಾ? ಅದಕ್ಕೇ ನಿಮ್ಮ ಕೈ ಖಾಲಿ ಮಾಡಿಸಿದ್ವಿ.”

“ಅವ್ರ ಜಾಗ ಅಂದ್ರೆ... ಯಾವ ಪಾತ್ರ ಮೇಡಂ?”

“ಚಂದ್ರಸೇನೆ ಇನ್ಮೇಲೆ ನಿಮ್ಮೋಳು ಸಾರ್. ನಮ್ಮಲ್ಲಿ ಜಾಸ್ತಿ ಓದ್ತಿರೋದೇ ಅವಳನ್ನ. ಇನ್ನೂ ಆರು ಕಾದಂಬರಿಗೆ ಆಗೋಷ್ಟು ಕತೆ ಬಾಕಿ ಇದೆ. ಬಾಸ್ ಒಂದೇ ಮಾತು ಹೇಳಿದ್ರು, ಹುಡುಗೀನ ಜೋಪಾನವಾಗಿ ನೋಡ್ಕೋಬೇಕಂತೆ. ಒಂದ್ನಿಮಿಷ ಇರಿ ಸಾರ್, ಆ್ಯಪಲ್ಲಿ ನಿಮ್ಮದು ಏನೋ ಹೊಸದು ಬಂದಂಗಿದೆ. ನೋಡಿ ಮಾಡ್ತೀನಿ.”

ಫೋನು ಕಟ್ ಆಯಿತು.

“ಯಾರಪ್ಪಾ ಅದು?” ಎಂದರು ನಾರಾಯಣಮ್ಮ.

“ಯುವರಾಣಿ ಕಡೆಯವ್ರು. ಅವ್ಳನ್ನ ನನಗೇ ಕೊಟ್ಬಿಟ್ಟಿದ್ದಾರಂತೆ.”

ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಪಿಳ್ಳಣ್ಣ ಮಾತ್ರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

“ಉಡ್ಗಿ ಸತ್ರೇನಂತೆ ಬಿಡಿ, ಈಗ ವಾರಸುದಾರ್ರು ನೀವೇ. ಆ ರಾಜ್ಯದಾಗೆ ಮೈನ್ ರೋಡ್ ಪಕ್ಕ ಜಮೀನ್ ಎಷ್ಟೈತೆ?”