ಲೊಕ್ವೇಶಸ್ ಶಾರದೆ

ಹೆಂಡತಿಯನ್ನು ಹೊಗಳಿ ಬರೆಯುವ ಗಂಡಸನ್ನು ಕಂಡರೆ ಜನಕ್ಕೆ ಅನುಮಾನ. ಮನೆಯಲ್ಲಿ ಏನೋ ಎಡವಟ್ಟು ಮಾಡಿಕೊಂಡಿರಬೇಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನ ಶಾರದೆಯ ಬಗ್ಗೆ ನನಗೆ ಹೆಮ್ಮೆ. ಅವಳು ಮಲ್ಲೇಶ್ವರಂ ಮಾರುಕಟ್ಟೆಗೆ ಕೊತ್ತಂಬರಿ ಸೊಪ್ಪು ತರಲು ಹೋದರೆ, ಸೊಪ್ಪಿನವಳ ಮಗಳ ಬಾಣಂತನದ ತನಕ ವಿಚಾರಿಸಿಕೊಂಡು ಬರುವಷ್ಟರಲ್ಲಿ ಸೊಪ್ಪು ಬಾಡಿರುತ್ತದೆ. ನಾನೋ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಪಾಠ ಬಿಟ್ಟರೆ ಮಾತು ಕಡಿಮೆ.

ಹೋದ ತಿಂಗಳು ಕೇಬಲ್ ಕಂಪನಿಯೊಂದು ನಮ್ಮ ಕ್ರಾಸ್ ರಸ್ತೆಯನ್ನು ಅಗೆದು ಹಾಗೇ ಬಿಟ್ಟು ಹೋಯಿತು. ಗುಂಡಿ ಇದ್ದದ್ದು ಎದುರುಮನೆ ಕಮಲಮ್ಮನವರ ಗೇಟಿನ ಮುಂದೆಯೇ. ವಾಕರ್ ಹಿಡಿದು ನಡೆಯುವ ಅವರಿಗೆ ಹೊರಗೆ ಬರಲಾಗದೆ, ಆಸ್ಪತ್ರೆಗೆ ಹೋಗುವುದೂ ನಿಂತಿತು. ನಾನು ಕಂಪನಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಈಮೇಲ್ ಬರೆದೆ. ಉತ್ತರ ಬರಲಿಲ್ಲ. "ನಡೀರಿ, ನಾನೇ ಬಂದು ಮಾತಾಡ್ತೀನಿ" ಎಂದು ಶಾರದೆ ಹೊರಟೇಬಿಟ್ಟಳು.

ಕಂಪನಿಯ ಮ್ಯಾನೇಜರ್ ಎಳೆಯ ವಯಸ್ಸಿನವನು. ಶಾರದೆ ಕಮಲಮ್ಮನವರ ಮಂಡಿನೋವಿನಿಂದ ಶುರುಮಾಡಿ, ಅವರ ಯಜಮಾನರು ಮನೆ ಕಟ್ಟಿಸಿದ ಕಥೆ ಮುಗಿಸಿ, ಬೀದಿಯ ಹೊಂಗೆ ಮರದ ಬೇರಿಗೆ ಬರುವಷ್ಟರಲ್ಲಿ ಅವನು ನನ್ನತ್ತ ತಿರುಗಿ, "ಸರ್, ಮೇಡಂ ತುಂಬಾ ಲೊಕ್ವೇಶಸ್" ಎಂದ.

"ಹಂಗಂದ್ರೇನ್ರೀ?" ಎಂದು ಶಾರದೆ ನನ್ನನ್ನು ಕೇಳಿದಳು.

'ವಾಚಾಳಿ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆಫೀಸಿನ ಅಷ್ಟು ಜನರ ಎದುರು ಅವಳ ಮುಖ ಸಣ್ಣದಾಗುತ್ತಿತ್ತು. "ವಾಗ್ಮಿ ಅಂತ. ಚೆನ್ನಾಗಿ ಮಾತಾಡೋರು" ಎಂದೆ.

ಅವಳ ಮುಖ ಅರಳಿತು. "ತುಂಬಾ ಸಂತೋಷ ಕಣಪ್ಪಾ! ನಮ್ಮನೇಲಿ ಯಾರೂ ಹಿಂಗೆ ಅಂದಿರ್ಲಿಲ್ಲ. ಹಂಗಾದ್ರೆ ಪೂರ್ತಿ ಹೇಳ್ಬಿಡ್ತೀನಿ ಕೇಳು" ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವನು ವಾಚು ನೋಡಿದ, ಬಾಗಿಲು ನೋಡಿದ, ಕೊನೆಗೆ ಫೋನ್ ಎತ್ತಿ, "ಇವತ್ತೇ ಮುಚ್ಚಿಸಿಬಿಡು ಗುರು, ಮೇಡಂ ಇಲ್ಲೇ ಕೂತಿದಾರೆ" ಎಂದು ಯಾರಿಗೋ ಗೋಗರೆದ.

ಸಂಜೆಯ ಹೊತ್ತಿಗೆ ಗುಂಡಿ ಮುಚ್ಚಿದ್ದರು. ಕಮಲಮ್ಮನವರು ವಾಕರ್ ಊರಿಕೊಂಡು ನಮ್ಮ ಮನೆಗೇ ಬಂದು, ಶಾರದೆಯ ಕೈ ಹಿಡಿದು ಕೂತು, ಕಾಫಿ ಕುಡಿದು ಹೋದರು.

ಆಮೇಲೆ ನಾನು ಮೆಲ್ಲಗೆ, "ಆ ಪದಕ್ಕೆ ಅರ್ಥ ಸ್ವಲ್ಪ ಬೇರೆ ಇದೆ ಶಾರದಾ" ಎಂದೆ.

"ಗೊತ್ತಿತ್ತು ಬಿಡ್ರೀ. ಪಾಠಕ್ಕೆ ತಯಾರಿ ಮಾಡ್ಕೊಳ್ಳೋವಾಗ ನೀವು ಗಟ್ಟಿಯಾಗಿ ಓದ್ತಿದ್ದಿದ್ದು ನನ್ನ ಕಿವಿಗೆ ಬೀಳ್ತಿರ್ಲಿಲ್ವಾ? ಗೊತ್ತು ಅಂತ ಅಲ್ಲಿ ತೋರಿಸ್ಕೊಂಡಿದ್ರೆ, ಸಿಟ್ಟು ಮಾಡ್ಕೊಂಡು ಎದ್ದು ಬರ್ಬೇಕಾಗ್ತಿತ್ತು. ಗುಂಡಿ ಹಂಗೇ ಇರ್ತಿತ್ತು."

ಆ ಪದದ ಅರ್ಥವನ್ನು ನಾನು ಎಷ್ಟೋ ತರಗತಿಗಳಿಗೆ ಹೇಳಿಕೊಟ್ಟಿದ್ದೇನೆ. ಬಳಕೆ ಕಲಿತದ್ದು ಮಾತ್ರ ಅಂದು, ಅವಳ ಪಕ್ಕದ ಕುರ್ಚಿಯಲ್ಲಿ, ಬಾಯಿ ಮುಚ್ಚಿಕೊಂಡು ಕೂತು.