ಸ್ಟೇ ವೈರಿಗೆ ಕಟ್ಟಿದ ಎಮ್ಮೆ

ಕಂಬದ ಮೇಲೆ ತಮಾಷೆ ನಡೆಯುವುದಿಲ್ಲ. ನಡೆಯುವುದೆಲ್ಲ ಕಂಬದ ಬುಡದಲ್ಲೇ. ಇಪ್ಪತ್ತೆರಡು ವರ್ಷದಿಂದ ಲೈನ್‌ಮ್ಯಾನ್ ಆಗಿರುವ ನಾನು ಇದನ್ನು ಎದೆ ತಟ್ಟಿ ಹೇಳಬಲ್ಲೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಲ್ಲ ಸುತ್ತಿ ಈಗ ಗೊರೂರು ಹಿನ್ನೀರಿನ ಕಡೆಯ ಹಳ್ಳಿಗಳಿಗೆ ಬಂದಿದ್ದೇನೆ. ಎಲ್ಲ ಕಡೆಯೂ ಕಂಬ ಒಂದೇ ಥರ, ಬುಡದಲ್ಲಿ ನಿಂತು ಮಾತಾಡುವವರು ಮಾತ್ರ ಒಬ್ಬರಿಗಿಂತ ಒಬ್ಬರು ಜೋರು.

ಇಲ್ಲಿ ಹೇಳುತ್ತಿರುವುದು ಒಂದೇ ಹಳ್ಳಿಯ ಕಥೆ. ಆ ಊರಿನ ಹೊದಿಕೆಯಿಲ್ಲದ ಹಳೇ ತಂತಿ ಕಿತ್ತು ಹೊದಿಕೆಯಿರುವ ಕೇಬಲ್ ಎಳೆಯಬೇಕು, ಸಣ್ಣ ಟ್ರಾನ್ಸ್‌ಫಾರ್ಮರ್ ಇಳಿಸಿ ದೊಡ್ಡದು ಕೂರಿಸಬೇಕು. ಹೆಚ್ಚೂಕಡಿಮೆ ಒಂದು ವರ್ಷದ ಕೆಲಸ. ನನಗಿದ್ದ ಆಸೆ ಒಂದೇ, ಅದು ಮುಗಿಯುವುದರೊಳಗೆ ಊರಿನ ಒಂದು ಕೋಳಿಮರಿಗೂ ಶಾಕ್ ಹೊಡೆಯಬಾರದು. ಯಾಕೆ ಅಂತ ನನ್ನ ಎಡಗೈ ನೋಡಿದರೆ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಲೈನ್ ಆಫ್ ಆಗಿದೆಯೋ ಇಲ್ಲವೋ ಅಂತ ಸಬ್‌ಸ್ಟೇಷನ್‌ನವರನ್ನು ಕೇಳದೆ, "ಮಾಡಿರ್ತಾರೆ ಬಿಡು" ಎಂದುಕೊಂಡು ಕಂಬ ಹತ್ತಿದ್ದೆ. ಮಾಡಿರಲಿಲ್ಲ. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಊಟ ಮಾಡುವ ಕೈ ಉಳಿಯಿತಲ್ಲ ಎಂದು ಎಲ್ಲರೆದುರು ನಗುತ್ತೇನೆ, ಒಳಗಿನ ಹೆದರಿಕೆ ಮಾತ್ರ ಹಾಗೇ ಇದೆ.

ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲದ ಒಂದು ಅಜ್ಜಿ ಆ ಊರಿನಲ್ಲಿತ್ತು. ಅದರ ಹತ್ತಿರ ಒಂದು ಎಮ್ಮೆಯಿತ್ತು.

ಗೂಟ ಇಳಿಯದ ಬೀದಿ

ಮೊದಲ ದಿನವೇ ಕಂಡಿದ್ದು ಆ ಎಮ್ಮೆ. ಅಜ್ಜಿಯ ಮನೆ ಮುಂದಿನ ಕಂಬದ ಸ್ಟೇ ವೈರಿಗೆ ಕಟ್ಟಿಸಿಕೊಂಡು ಆರಾಮಾಗಿ ಮೆಲುಕು ಹಾಕುತ್ತಿತ್ತು. ಸ್ಟೇ ವೈರ್ ಅಂದರೆ ಕಂಬ ವಾಲದಿರಲಿ ಅಂತ ಮೇಲಿಂದ ನೆಲಕ್ಕೆ ಎಳೆದು ಕಟ್ಟಿರುವ ತಂತಿ. ಮೇಲೆ ಏನಾದರೂ ಎಡವಟ್ಟಾದರೆ ಕರೆಂಟು ಅದರಲ್ಲೇ ಇಳಿದು ಬರಬಹುದು.

"ಅಜ್ಜೀ, ಮೊದಲು ಎಮ್ಮೆ ಬಿಚ್ಚು. ಕರೆಂಟ್ ಹೊಡೆದರೆ ಎಮ್ಮೆಯೂ ಇರಲ್ಲ, ನೀನೂ ಇರಲ್ಲ" ಎಂದು ನನ್ನ ಬೆರಳು ತೋರಿಸಿದೆ.

ಅಜ್ಜಿ ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿತು. "ಕೆಲ್ಸಕ್ ಸೇರಿ ಎಷ್ಟ್ ವರ್ಸಕ್ಕೆ ಇಂಗಾಯ್ತು?"

"ಮೂರು ವರ್ಷಕ್ಕೆ."

"ನಾನು ನಾಕು ವರ್ಸದಿಂದ ಇಲ್ಲೇ ಕಟ್ತಾ ಇವ್ನಿ. ನಮ್ಮೆಮ್ಮೆ ನಿನ್ಗಿಂತ ಉಷಾರು ಬುಡು."

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ಮಾರನೇ ದಿನ ಒಳ್ಳೇ ಗಟ್ಟಿ ಗೂಟವೊಂದನ್ನು ಕೆತ್ತಿಸಿ ತಂದುಕೊಟ್ಟೆ. "ಎಲ್ಲಿ ಬಡೀಲಿ ಯೋಳು" ಎಂದಿತು. ಸುತ್ತ ನೋಡಿದೆ. ಈ ಮನೆಯ ಬಾಗಿಲಿಂದ ಆ ಮನೆಯ ಬಾಗಿಲವರೆಗೆ ಕಾಂಕ್ರೀಟು. ಊರಿಗೆ ಸಿಮೆಂಟ್ ರಸ್ತೆ ಬಂದ ದಿನದಿಂದ ಗೂಟ ಇಳಿಯುವ ಮಣ್ಣೇ ಉಳಿದಿರಲಿಲ್ಲ. ಬೀದಿಯಲ್ಲಿ ನೆಟ್ಟಗೆ ನಿಂತಿದ್ದದ್ದು ನಮ್ಮ ಕಂಬ ಒಂದೇ. ಅಜ್ಜಿ ಕಡೆಯೂ ನ್ಯಾಯ ಇದೆಯಲ್ಲಪ್ಪ ಅನ್ನಿಸಿತು. ಆದರೂ ಸೋಲೊಪ್ಪದೆ, ಮೋರಿ ಪಕ್ಕದ ಬಿರುಕಿನಲ್ಲಿ ಅರ್ಧ ಗಂಟೆ ಬಡಿದು ಗೂಟ ಇಳಿಸಿ ಬಂದೆ.

ಮೂರು ದಿನ ಬಿಟ್ಟು ಹೋದರೆ ಗೂಟವಿಲ್ಲ, ಎಮ್ಮೆ ಮತ್ತೆ ಸ್ಟೇ ವೈರಿನಲ್ಲಿ. "ಗೂಟ ಎಲ್ಲಜ್ಜಿ?"

"ಬಚ್ಚಲೊಲೆಗೆ ಆಕ್ದೆ. ಸುಳ್ಳೇಳ್ಬಾರ್ದು ಕಣಪ್ಪ, ನೀರು ಬಲು ಚೆಂದಾಗ್ ಕಾದ್ವು."

ಬುರುಡೆ ಬೋರ್ಡು

ಜನಕ್ಕೆ ಮಾತಿನಲ್ಲಿ ಹೇಳಿದರೆ ನಾಟುವುದಿಲ್ಲ ಎಂದು ಕಂಬ ಕಂಬಕ್ಕೂ ಹೊಸ ಅಪಾಯದ ಬೋರ್ಡು ಕಟ್ಟಿದೆ. ಕೆಂಪು ಬಣ್ಣ, ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಮೂಳೆ, ಅದರಡಿ ಹನ್ನೊಂದು ಸಾವಿರ ವೋಲ್ಟ್ ಎಂಬ ಬರಹ, ನೋಡಿದರೆ ನನಗೇ ಎದೆ ಝಲ್ಲೆನ್ನಬೇಕು. ಒಂದೇ ವಾರದಲ್ಲಿ ಮೂರು ಬೋರ್ಡು ಮಾಯವಾದವು.

ಮೊದಲನೆಯದು ಸಿಕ್ಕಿದ್ದು ಹಿನ್ನೀರಿನ ದಾರಿಯ ಹಲಸಿನ ಮರದಲ್ಲಿ. ಹಣ್ಣು ಕದಿಯುವವರಿಗೆಂದು ತೋಟದವನು ಕಟ್ಟಿಕೊಂಡಿದ್ದ. ಹನ್ನೊಂದು ಸಾವಿರ ವೋಲ್ಟಿನ ಹಲಸಿನ ಮರವನ್ನು ನಾನು ನೋಡಿದ್ದು ಅದೇ ಮೊದಲು. ಎರಡನೆಯದು ಒಂದು ಹೊಸ ಮನೆಯ ಮಾಳಿಗೆಯ ಮೇಲೆ, ದೃಷ್ಟಿಗೊಂಬೆಯ ಪಕ್ಕದಲ್ಲಿ ನೇತಾಡುತ್ತಿತ್ತು. "ಇದು ಕಂಬದ್ದು ಕಣ್ರೀ" ಎಂದರೆ ಯಜಮಾನರು ನನಗೇ ಬುದ್ಧಿ ಹೇಳಿದರು: "ಕಂಬಕ್ಕೆ ಯಾರ್ ಕಣ್ ಬೀಳ್ತದೆ ಸಾ? ಕಣ್ ಬೀಳಾದು ಮನೆಗೆ."

ಮೂರನೆಯದನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಅದೇ ನನ್ನ ಎದುರಿಗೆ ನಡೆದುಕೊಂಡು ಬಂತು. ಅಜ್ಜಿ ಎಮ್ಮೆಯನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿತ್ತು, ಎಮ್ಮೆಯ ಕೊರಳಲ್ಲಿ ಗಂಟೆಯ ಜೊತೆ ತಲೆಬುರುಡೆ ಓಲಾಡುತ್ತಿತ್ತು.

"ಅಯ್ಯೋ, ಇದೇನಜ್ಜಿ ಇದು!"

"ಎಮ್ಮೆಗೆ ಅಪಾಯ ಎಮ್ಮೆಗೆ ಅಪಾಯ ಅಂತ ನೀನೇ ಬಡ್ಕೊಂಡ್ಯಲ್ಲಪ್ಪ. ಅದ್ಕೆ ಎಮ್ಮೆಗೇ ಕಟ್ಟಿವ್ನಿ."

ಇಲ್ಲ ಅಂದ ಮೇಲೆ ಇರಬಾರದು

ಕೆಲಸಕ್ಕೆಂದು ಕರೆಂಟ್ ತೆಗೆಯುವ ದಿನ ಮುಂಚೆಯೇ ತಿಳಿಸಬೇಕಲ್ಲ, ಅದಕ್ಕೆ ಊರಿನದೊಂದು ವಾಟ್ಸಾಪ್ ಗುಂಪು ಮಾಡಿದ್ದೆ. ಒಂದು ದಿನ, "ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ, ಸಹಕರಿಸಿ" ಎಂದು ಹಾಕಿದೆ. ಮಾರನೇ ದಿನ ಕೇಬಲ್ ತರುವ ಲಾರಿ ಹಾಸನದಲ್ಲೇ ಕೆಟ್ಟು ನಿಂತಿತು. ಕೆಲಸವಿಲ್ಲ ಎಂದ ಮೇಲೆ ಕರೆಂಟ್ ಯಾಕೆ ತೆಗೆಯಬೇಕು? ಜನ ಖುಷಿಪಡುತ್ತಾರೆ ಎಂದುಕೊಂಡು ಸುಮ್ಮನಿದ್ದೆ.

ಹತ್ತೂಕಾಲಿಗೆ ಫೋನ್ ಶುರುವಾಯಿತು. ಒಬ್ಬ ಹೆಂಗಸು, "ಕರೆಂಟೋಯ್ತದೆ ಅಂತ ಕೋಳಿ ಕೂಗಾಕ್ ಮುಂಚೆ ಎದ್ದು ದೋಸೆಗೆ ರುಬ್ಬಿವ್ನಿ. ಈಗ ನೋಡಿದ್ರೆ ಐತೆ! ನನ್ ನಿದ್ದೆ ಯಾರ್ ಕೊಡ್ತಾರೆ?" ಎಂದು ತರಾಟೆಗೆ ತೆಗೆದುಕೊಂಡಳು. ಆಮೇಲೆ ರಾಗಿ ಮಿಲ್ಲಿನವನು, ಮಲ್ಲಿಪಟ್ಟಣದಿಂದ, ಪಿಸುದನಿಯಲ್ಲಿ: "ಸಾ, ಕರೆಂಟಿಲ್ಲ ಅಂತ ಯೋಳಿ ಮಿಲ್ ಬಾಗ್ಲಾಕ್ಕೊಂಡು ಅತ್ತೆ ಮನೆಗೆ ಬಂದಿವ್ನಿ. ಈಗಷ್ಟೇ ನಾಟಿಕೋಳಿ ಕುಯ್ದವ್ರೆ. ಒಂದೆರಡ್ ಗಂಟೆ ಆದ್ರೂ ತೆಗೀರಿ ಸಾ, ನಿಮ್ಮ ದಮ್ಮಯ್ಯ."

ಕರೆಂಟ್ ಹೋದರೆ ಬೈಸಿಕೊಂಡಿದ್ದೇನೆ, ಬಾರದಿದ್ದರೆ ಬೈಸಿಕೊಂಡಿದ್ದೇನೆ. ಇದ್ದಿದ್ದಕ್ಕೆ ಬೈಸಿಕೊಂಡಿದ್ದು ಅವತ್ತೇ.

ಮಧ್ಯಾಹ್ನ ಊರಿಗೆ ಹೋದಾಗ ಅಜ್ಜಿ ಕಂಬದ ಹತ್ತಿರವೇ ಸಿಕ್ಕಿತು. ಅದೂ ಸಿಟ್ಟಿನಲ್ಲಿತ್ತು. "ಇಲ್ಲ ಅಂದ್ಮೇಲೆ ಇರ್ಬಾರ್ದು ಕಣಪ್ಪ. ಇವತ್ ಕರೆಂಟ್ ತೆಗ್ದಿರ್ತಾರೆ ಬುಡು ಅಂತ ನಾನು ಧೈರ್ಯವಾಗಿ ಎಮ್ಮೆ ಕಟ್ಟಿವ್ನಿ!"

ನಗು ಬಂದಿದ್ದು ಅಲ್ಲೇ ನಿಂತುಹೋಯಿತು. "ತೆಗ್ದಿರ್ತಾರೆ ಬುಡು." ಅದು ನನ್ನ ಬೆರಳು ತಿಂದ ಮಾತು. ಅವತ್ತು ಅಜ್ಜಿಯ ಪಕ್ಕ ಜಗಲಿ ಮೇಲೆ ಕೂತು ನಿಧಾನಕ್ಕೆ ಹೇಳಿದೆ. "ನಾವು ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಕೇಳ್ತೀವಿ ಅಜ್ಜಿ. ಆಫ್ ಮಾಡಿದ್ದೀವಿ, ಹತ್ತು ಅಂತ ಅವರ ಬಾಯಿಂದಲೇ ಬರಬೇಕು. ಅದಕ್ಕೆ ಲೈನ್ ಕ್ಲಿಯರ್ ಅಂತಾರೆ. ಅದು ಬರೋವರೆಗೆ ಕರೆಂಟ್ ಇದೆ ಅಂತಲೇ ಲೆಕ್ಕ. ಯಾರು ಏನೇ ಹೇಳಲಿ."

"ದ್ಯಾವ್ರೇ ಬಂದ್ ಯೋಳುದ್ರೂವೆ?"

"ದೇವರು ಹೇಳಿದರೂ ಅಷ್ಟೇ, ಸಬ್‌ಸ್ಟೇಷನ್‌ನವರು ಹೇಳಬೇಕು."

"ಅಂಗಾರೆ ದ್ಯಾವ್ರಿಗಿಂತ ದೊಡ್ ಕೆಲ್ಸ ಅವ್ರುದು. ಸಂಬ್ಳ ಚೆಂದಾಗೈತೇನೋ."

ಹನ್ನೊಂದು ಕೆವಿ ಕಡೆಯವನು

ನಮ್ಮ ಹನ್ನೊಂದು ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಲೈನು ಶೆಟ್ಟಿಹಳ್ಳಿಯ ಕಡೆಗೂ ಹೋಗುತ್ತದೆ. ಅಲ್ಲಿಯ ಪಾಳುಬಿದ್ದ ಚರ್ಚ್ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಜೋಡಿಗಳು ಬರುತ್ತಲೇ ಇರುತ್ತವೆ. ಒಂದು ಜೋಡಿಯ ಡ್ರೋನು ಹಾರಿ ಬಂದು ನಮ್ಮ ಕಂಬದ ಅಡ್ಡಪಟ್ಟಿಗೆ ಸಿಕ್ಕಿಹಾಕಿಕೊಂಡಿತು. ಹುಡುಗ ಕೋಲು ಹುಡುಕುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದರು. ಬಿದ್ದಂಬೀಳ ಓಡಿ, ಕೋಲು ಕಿತ್ತೆಸೆದು, ಲೈನ್ ಕ್ಲಿಯರ್ ತೆಗೆದುಕೊಂಡು, ಹೆಲ್ಮೆಟ್, ಗ್ಲೌಸ್ ಹಾಕಿ ಹತ್ತಿ ಇಳಿಸಿಕೊಟ್ಟೆ. ಖುಷಿಯಾಗಿ ಮದುವೆಗೆ ಕರೆದರು. ಹಾಸನದಲ್ಲೇ ಛತ್ರ, ಹೋದೆ.

ಛತ್ರದ ದೊಡ್ಡ ಪರದೆಯಲ್ಲಿ ವಿಡಿಯೋ ಓಡುತ್ತಿತ್ತು. ಚರ್ಚು, ನೀರು, ಹುಡುಗ, ಹುಡುಗಿ, ಅವಳ ಹಾರಾಡುವ ಸೆರಗು. ಆಮೇಲೆ ಇದ್ದಕ್ಕಿದ್ದಂತೆ ಇಡೀ ಪರದೆ ತುಂಬ ನನ್ನ ಮುಖ. ಹಳದಿ ಹೆಲ್ಮೆಟ್ಟು, ಬಿಟ್ಟ ಬಾಯಿ, ಮೂಗಿನ ತುದಿಯಲ್ಲಿ ಬೆವರು. ಡ್ರೋನಿನ ಕ್ಯಾಮೆರಾ ಆಫ್ ಆಗಿರಲೇ ಇಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ತಾವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?"

"ಹನ್ನೊಂದು ಕೆವಿ ಕಡೆಯವನು ಸಾರ್" ಎಂದೆ.

ಆ ವಿಡಿಯೋ ನಮ್ಮ ಊರಿನ ಗುಂಪಿಗೂ ಬಂತು. ಅಜ್ಜಿ ಯಾರದೋ ಫೋನಿನಲ್ಲಿ ನೋಡಿ, "ಟೋಪಿ ಆಕ್ಕಂಡ್ರೆ ಮದ್ಲಿಂಗ್ನಂಗೇ ಕಾಣ್ತೀಯ ಕಣೋ" ಎಂದಿತು. ಮನೆಯಲ್ಲಿ ಹೆಂಡತಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು.

ಯಾವುದಾದರೂ ಸೈ

ಕೆಲಸ ಮುಗಿಯುತ್ತ ಬಂದಾಗ ಸ್ಕೂಲ್ ಕಾಂಪೌಂಡಿನಲ್ಲಿ ಸುರಕ್ಷತೆಯ ಸಭೆ ಇಟ್ಟುಕೊಂಡೆವು. ತಂತಿಗೆ ಬಟ್ಟೆ ಹರವಬೇಡಿ, ಕಂಬಕ್ಕೆ ದನ ಕಟ್ಟಬೇಡಿ, ಹೆಲ್ಮೆಟ್ ಇಲ್ಲದೆ, ಲೈನ್ ಕ್ಲಿಯರ್ ಇಲ್ಲದೆ ಯಾರೂ ಕಂಬ ಹತ್ತಕೂಡದು, ನಾನೂ ಹತ್ತಕೂಡದು ಎಂದು ಗಂಟಲು ಹರಿದುಕೊಂಡೆ. ಪ್ರಶ್ನೆ ಇದ್ದರೆ ಕೇಳಿ ಎಂದೆ. ಕೈ ಎತ್ತಿದ್ದು ಅಜ್ಜಿ ಒಂದೇ.

"ಎಲ್ಲಾ ಸರಿ. ಎಮ್ಮೆ ಎಲ್ಲಿ ಕಟ್ಟಾನ?"

ಸಭೆಯೆಲ್ಲ ನಗೆ. ನನಗೆ ಸಾಕಾಗಿಹೋಗಿತ್ತು. "ಕರೆಂಟ್ ಇಲ್ಲದಿರೋದು ಯಾವುದಕ್ಕಾದರೂ ಕಟ್ಟಿಕೊ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

"ಯಾವ್ದಾದ್ರೂ ಸೈಯಾ?"

"ಯಾವುದಾದರೂ ಸೈ!"

ಅಜ್ಜಿ ತಲೆಯಾಡಿಸಿ, ಸಭೆಗೆಂದು ತರಿಸಿದ್ದ ಎರಡು ಬನ್ನು ಸೆರಗಿಗೆ ಕಟ್ಟಿಕೊಂಡು ಹೋಯಿತು.

ಫೋಟೋ

ಕಡೆಯ ದಿನ. ಹೊಸ ಟ್ರಾನ್ಸ್‌ಫಾರ್ಮರ್‌ಗೆ ಬೆಳಿಗ್ಗೆಯೇ ಕರೆಂಟ್ ಬಿಟ್ಟಾಗಿತ್ತು. ಹಾಸನದಿಂದ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಕಾಯಿ ಒಡೆದದ್ದಾಯಿತು, ಮಂಗಳಾರತಿಯಾಯಿತು. ಆಮೇಲೆ ಸಾಹೇಬರಿಗೆ ಒಂದು ಆಸೆ ಹುಟ್ಟಿತು.

"ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಕೆಲಸ ಮಾಡೋ ಥರ ಒಂದು ಫೋಟೋ ಇರಲಿ. ಹತ್ರೀ. ಆ ಹೆಲ್ಮೆಟ್ ತೆಗೀರಿ, ಮುಖ ಕಾಣಲ್ಲ."

"ಸಾರ್, ಲೈನು?"

"ಆಗಲೇ ಹೇಳಿದೀನಿ ಸಬ್‌ಸ್ಟೇಷನ್‌ಗೆ. ಮಾಡಿರ್ತಾರೆ ಬಿಡ್ರೀ."

ನಿಜ ಹೇಳಿಬಿಡುತ್ತೇನೆ. ವರ್ಷವಿಡೀ ಊರಿಗೆಲ್ಲ ಉಪದೇಶ ಮಾಡಿದ ನಾನು ಸಾಹೇಬರ ಮುಖ ನೋಡಿ ತುಟಿ ಬಿಚ್ಚಲಿಲ್ಲ. ಹೆಲ್ಮೆಟ್ ತೆಗೆದು ಕೆಳಗಿಟ್ಟೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಯಾರೋ ಪ್ಯಾಂಟು ಹಿಡಿದು ಎಳೆದರು.

"ಟೋಪಿ ಎಲ್ಲಿ?" ಅಜ್ಜಿ!

"ಬಿಡಜ್ಜಿ, ಸಾಹೇಬ್ರು ನೋಡ್ತಿದಾರೆ."

"ಸಾಯೇಬ್ರು ಅಲ್ಲ, ದ್ಯಾವ್ರು ಯೋಳುದ್ರೂ ಇಲ್ಲ ಅಂದೋನ್ ನೀನೇ. ಇಳೀಲಾ ಕೆಳಿಕ್ಕೆ!"

ಸಾಹೇಬರು ನಗುತ್ತ ಮುಂದೆ ಬಂದರು. "ಅಜ್ಜಿ, ಒಂದೇ ನಿಮಿಷ. ಬರೀ ಫೋಟೋಗೆ."

ಅಜ್ಜಿ ಪ್ಯಾಂಟು ಬಿಡದೆ ಅವರ ಕಡೆ ತಿರುಗಿತು. "ಇವತ್ ಫೋಟೋಗೆ ಅಂತ ಹತ್ಸಿ, ನಾಳೆ ಅದೇ ಫೋಟೋಗೆ ಹೂವಿನ ಹಾರ ಹಾಕಕ್ಕಾ ಸಾಮಿ?"

ಸಾಹೇಬರು ಫೋನ್ ತೆಗೆದು ಸಬ್‌ಸ್ಟೇಷನ್‌ಗೆ ಹಚ್ಚಿದರು, ಅಜ್ಜಿಗೆ ಕೇಳಲಿ ಎಂದು ಸ್ಪೀಕರ್ ಹಾಕಿದರು. ಆ ಕಡೆಯಿಂದ ದನಿ ಬಂತು: "ಇನ್ನೂ ಮಾಡಿಲ್ಲ ಸಾರ್. ಐದು ನಿಮಿಷ ಕೊಡಿ ಅಂದಿದ್ನಲ್ಲ. ಲೈನ್ ಆನ್ ಇದೆ, ಯಾರೂ ಹತ್ತಬಾರದು."

ನಾನು ಏಣಿಯಿಂದ ಇಳಿದು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಅವರೇ ಬಗ್ಗಿ ಹೆಲ್ಮೆಟ್ ಎತ್ತಿ ನನ್ನ ತಲೆಗಿಟ್ಟು, "ತಪ್ಪಾಯ್ತು ಕಣ್ರೀ" ಎಂದರು. ಆಮೇಲೆ ಲೈನ್ ಕ್ಲಿಯರ್ ಬಂತು, ಹತ್ತಿದೆ, ಫೋಟೋ ಆಯಿತು. ಈಗಲೂ ಆಫೀಸಿನಲ್ಲಿದೆ. ನನ್ನ ಮುಖ ಹೆಲ್ಮೆಟ್ಟಿನಲ್ಲಿ ಅರ್ಧ ಮುಚ್ಚಿಹೋಗಿದೆ, ಕೆಳಗೆ ಏಣಿ ಹಿಡಿದುಕೊಂಡ ಅಜ್ಜಿ ಮಾತ್ರ ಪೂರ್ತಿ ಕಾಣುತ್ತದೆ.

ಇಳಿದವನು ಅಭ್ಯಾಸಬಲದಿಂದ ಅಜ್ಜಿಯ ಮನೆ ಕಡೆ ನೋಡಿದೆ. ಸ್ಟೇ ವೈರ್ ಖಾಲಿ! ವರ್ಷದಲ್ಲಿ ಮೊದಲ ಸಲ ಖಾಲಿ. ಕಣ್ಣು ತುಂಬಿ ಬಂತು. ಜೀವವನ್ನೂ ಉಳಿಸಿತು, ಮಾತನ್ನೂ ಉಳಿಸಿತು ಎಂದುಕೊಂಡು ಅಜ್ಜಿಯ ಕಾಲಿಗೆ ಬೀಳಲು ಬಗ್ಗಿದೆ. ಅಷ್ಟರಲ್ಲಿ ಸಾಹೇಬರು ಜೀಪು ಹತ್ತಿ ಕೂತರು, ಡ್ರೈವರು ಸ್ಟಾರ್ಟ್ ಮಾಡಿದ, ಜೀಪಿನ ಹಿಂದಿನಿಂದ ಊರೇ ಬೆಚ್ಚಿಬೀಳುವ ಹಾಗೆ ಎಮ್ಮೆಯೊಂದು ಅರಚಿತು.

ಡ್ರೈವರು ಗಕ್ಕನೆ ಆಫ್ ಮಾಡಿದ. ಜೀಪಿನ ಹಿಂದಿನ ಕೊಕ್ಕೆಗೆ ಎರಡು ಸುತ್ತು ಹಗ್ಗ, ಹಗ್ಗದ ತುದಿಯಲ್ಲಿ ನಮ್ಮ ಎಮ್ಮೆ.

"ಯಾರ್ರೀ ಇಲ್ಲಿ ಎಮ್ಮೆ ಕಟ್ಟಿದ್ದು?" ಎಂದು ಸಾಹೇಬರು ಧುಮುಕಿದರು.

ಅಜ್ಜಿ ಒಂಚೂರೂ ಗಾಬರಿಯಾಗದೆ ನನ್ನ ಕಡೆ ಬೆರಳು ಮಾಡಿತು. "ಕರೆಂಟಿಲ್ದಿರಾದು ಯಾವ್ದಾದ್ರೂ ಸೈ ಅಂತ ಇವ್ನೇ ಯೋಳಿದ್ದು ಸಾಮಿ. ನಂಬ್ಕೆ ಇಲ್ದಿದ್ರೆ ಸಬ್‌ಸ್ಟೇಸನ್‌ಗೆ ಫೋನ್ ಆಕಿ, ನಿಮ್ ಜೀಪಲ್ಲಿ ಕರೆಂಟೈತಾ ಕೇಳಿ!"