ಮೇಜನ್ನು ಮೂಸಿ ನೋಡಿದ ನಮ್ಮ ಭಾವನವರು

ಕಟ್ಟಿಗೆಯ ಬಾಗಿಲು ಬಡಿದು, ಒಳಗಿದ್ದವರ ಅಪ್ಪಣೆ ಕೇಳಿ, ಆಮೇಲೆ ಗರಗಸ ಹಚ್ಚುವ ಮನುಷ್ಯರು ನಮ್ಮ ಸದಲಗಾದಲ್ಲಿ ಒಬ್ಬರೇ. ಅವರು ನಮ್ಮ ಯಜಮಾನರ ಅಣ್ಣ, ಅಂದರೆ ನನ್ನ ಭಾವನವರು. ನಾನು ಸುಳ್ಳು ಹೇಳುತ್ತಿಲ್ಲ. ಇವತ್ತು ಅಷ್ಟಮಿ, ಉಪವಾಸ ಬೇರೆ ಇದ್ದೇನೆ.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ಊಟ, ನೀರಿಗೆ ಅರಿವೆಯ ಸೋಸು, ಒಲೆಗಿಡುವ ಕಟ್ಟಿಗೆಯನ್ನೂ ಒಮ್ಮೆ ಕೊಡವಿ ಇರುವೆ ಇಲ್ಲವೆಂದು ನೋಡಿಕೊಳ್ಳುವುದು, ಇವೆಲ್ಲ ನಮ್ಮ ಮನೆಗಳಲ್ಲಿ ದಿನದ ರೂಢಿ. ಆದರೆ ಭಾವನವರು ರೂಢಿಯನ್ನು ದಾಟಿ ಎರಡು ಹರದಾರಿ ಮುಂದೆ ಹೋದವರು. ಹಲಗೆಯಲ್ಲಿ ಸಾಸಿವೆಯಷ್ಟು ತೂತು ಕಂಡರೆ ಸಾಕು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಟಕ್ ಟಕ್ ಬಡಿಯುತ್ತಾರೆ. ಕಿವಿ ಹಚ್ಚುತ್ತಾರೆ.

"ಒಳಗ ಯಾರಾದ್ರೂ ಇದ್ರ ಸಾವಕಾಶ ಹೊರಗ ಬರ್ರಿ. ಅವಸರ ಇಲ್ಲ" ಅನ್ನುತ್ತಾರೆ.

ಹುಳಕ್ಕೂ ಬಹುವಚನ! ಒಮ್ಮೆ ಅವರ ಹೆಂಡತಿ, ಅಂದರೆ ನಾನು ಅಕ್ಕಾ ಎಂದು ಕರೆಯುವ ನನ್ನ ನೆಗೆಣ್ಣಿ, ಚಹಾ ಹಿಡಿದು ಬಂದವಳು ಈ ಮಾತು ಕೇಳಿ ಬಾಗಿಲಲ್ಲೇ ನಿಂತಳು. "ಇಪ್ಪತ್ತ ವರ್ಷ ಆತು, ನನಗ ಒಮ್ಮೆನೂ ಬರ್ರಿ ಅಂದಿಲ್ಲ ನೀವು. ಆ ಹುಳದ ಪುಣ್ಯ ದೊಡ್ಡದ ಬಿಡ್ರಿ" ಅಂದಳು.

ಕಬ್ಬಿನ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟು ಭಾವನವರು ಹಿತ್ತಲಿನ ಕೊಟ್ಟಿಗೆಯಲ್ಲಿ ಅರ್ಧ ಎಮ್ಮೆಗಳಿಗೆ, ಅರ್ಧ ತಮ್ಮ ಕಟ್ಟಿಗೆ ಕೆಲಸಕ್ಕೆ ಎಂದು ಪಾಲು ಮಾಡಿಕೊಂಡಿದ್ದರು. ಅವರು ಮಾಡಿದ ಸ್ಟೂಲು ಒಂದು ಈಗಲೂ ನಮ್ಮ ಮನೆಯಲ್ಲಿದೆ. ಕಾಲು ನಾಲ್ಕು. ಒಮ್ಮೆಗೆ ನೆಲ ಮುಟ್ಟುವುದು ಮೂರೇ. ಯಾವ ಮೂರು ಎನ್ನುವುದು ಕೂತವರ ಕರ್ಮಕ್ಕೆ ಬಿಟ್ಟದ್ದು.

ಎಂಬತ್ತರ ದಶಕದಲ್ಲಿ ನಿಪ್ಪಾಣಿಯ ಒಂದು ವರ್ಕ್‌ಶಾಪು ಮುಚ್ಚಿತು. ಅಲ್ಲಿದ್ದ ಡ್ರಿಲ್ ಮಶೀನನ್ನು ಭಾವನವರು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಆಳೆತ್ತರದ ಕಬ್ಬಿಣದ ಕಂಬ, ಮೇಲೆ ಮೋಟರು, ಹಿಡಿಕೆ ಎಳೆದರೆ ಮೇಲಿಂದ ನೆಟ್ಟಗೆ ಇಳಿದು ಕೊರೆಯುವ ಬೈರಿಗೆ. ಬರುವಾಗ ಗಾಡಿಯ ಹಿಂದೆ ಅರ್ಧ ಊರೇ ಇತ್ತು. "ಏನ್ರಿ ಅಣ್ಣಾರ ಇದು?" ಎಂದವರಿಗೆಲ್ಲ "ತೂತು ಬೀಳಸೂದು" ಎಂದರು. "ಯಾತಕ್ಕ?" ಎಂದರೆ ಉತ್ತರ ಇರಲಿಲ್ಲ.

ಉತ್ತರ ಎರಡು ವರ್ಷದ ಮೇಲೆ ನಮ್ಮ ಮನೆಯಿಂದಲೇ ಬಂತು.

ನನ್ನ ಮಗಳು ಎರಡು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಬಲಗಾಲನ್ನು ಬಿಟ್ಟು ಹೋಯಿತಲ್ಲ, ಅದು ದೇವರ ದಯೆ ಎಂದು ಎಣಿಸಿಕೊಂಡೆ. ಎರಡೂ ಕೈ ಬಿಟ್ಟಿತು, ಅದು ಇನ್ನೊಂದು ದಯೆ. ಮಾತನ್ನಂತೂ ಪೂರಾ ಬಿಟ್ಟಿತು. ಅದು ಸ್ವಲ್ಪ ಹೆಚ್ಚೇ ಆದ ದಯೆ. ನಾಲ್ಕನೇ ಇಯತ್ತೆ ಮುಗಿಯುವತನಕ ಅವರಪ್ಪ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದರು. ಐದನೆಯದಕ್ಕೆ ಪೇಟೆಯ ಆಚೆಗಿನ ದೊಡ್ಡ ಶಾಲೆ. ಅವಳು ಬೇಸಿಗೆ ರಜೆಯ ಮೊದಲ ದಿನವೇ ಹೇಳಿಬಿಟ್ಟಳು:

"ಇನ್ನ ನಾ ಗೋಣಿಚೀಲದಂಗ ಸೈಕಲ್ ಮ್ಯಾಲ ಹೋಗಾಂಗಿಲ್ಲ. ನಡಕೊಂತ ಹೋಗ್ತೀನಿ. ಇಲ್ಲಾಂದ್ರ ಸಾಲಿ ಬಿಡ್ತೀನಿ."

ಆಕೆ ಹೇಳಿದರೆ ಮಾಡುವವಳು. ಆದರೆ ನಡೆಯುವುದು ಹೇಗೆ? ಬಗಲಲ್ಲಿಟ್ಟು ನಡೆಯುವ ಅವಳ ಊರುಗೋಲುಗಳು, ನಮ್ಮ ಕಡೆ ಕುಬಡಿ ಎನ್ನುತ್ತಾರೆ, ಗಿಡ್ಡವಾಗಿ ಹೋಗಿದ್ದವು. ಹುಡುಗಿ ಮುದುಕಿಯ ಹಾಗೆ ಬಗ್ಗಿ ನಡೆಯುತ್ತಿದ್ದಳು. ಮೀರಜಿಗೆ ಹೋದರೆ ಸಣ್ಣವರ ಜೋಡಿ ಗಿಡ್ಡ, ದೊಡ್ಡವರ ಜೋಡಿ ಉದ್ದ. ಊರ ಬಡಿಗೇರರು ಒಂದು ಜೋಡಿ ಮಾಡಿಕೊಟ್ಟರು. ಎರಡು ಪಟ್ಟಿಗಳ ನಡುವೆ ಕೆಳಗಿನ ಕೋಲು ಜಾರಬೇಕು, ಬೇಕಾದ ಎತ್ತರಕ್ಕೆ ನಿಲ್ಲಿಸಿ ಅಡ್ಡ ಬೋಲ್ಟು ಹಾಕಬೇಕು. ಕೈಬೈರಿಗೆಯ ತೂತು ಈಚೆ ಒಂದು ಕಡೆ ಹೊಕ್ಕು ಆಚೆ ಇನ್ನೊಂದು ಕಡೆ ಹೊರಟಿತ್ತು. ಬೋಲ್ಟು ಕೂರಲಿಲ್ಲ. ಮಗಳು ಅಂಗಳದಲ್ಲೇ ಬಿದ್ದು ಮೊಣಕೈ ತರಚಿಕೊಂಡಳು.

"ನಾ ಮಾಡ್ತೀನಿ" ಎಂದರು ಭಾವನವರು.

ನನ್ನ ಕಣ್ಣು ತಾನಾಗಿ ಸ್ಟೂಲಿನ ಕಡೆ ಹೋಯಿತು.

ಮಶೀನಿನ ತೂತು ನೆಟ್ಟಗೆ ಬೀಳುವುದೇನೋ ನಿಜ. ಆದರೆ ಬೈರಿಗೆಯ ಕೆಳಗೆ ಕಟ್ಟಿಗೆ ಇಡಲು ಇದ್ದದ್ದು ರೊಟ್ಟಿ ಹಂಚಿನಷ್ಟು ಅಗಲದ ಕಬ್ಬಿಣದ ತಟ್ಟೆ. ಮೂರು ಫೂಟಿನ ಕೋಲು ಅದರ ಮೇಲಿಟ್ಟರೆ ಒಂದು ತುದಿ ನೆಲ ನೋಡುತ್ತಿತ್ತು, ಇನ್ನೊಂದು ಸೂರು ನೋಡುತ್ತಿತ್ತು. ಉದ್ದನೆಯ ಮೇಜು ಬೇಕು, ಅದಕ್ಕೆ ಹಿಂದುಗಡೆ ಕೋಲು ಒರಗುವ ನೆಟ್ಟನೆಯ ಪಟ್ಟಿ ಬೇಕು. ಅಂಥದ್ದೊಂದು ತಯಾರು ಮೇಜು ನಿಪ್ಪಾಣಿಯ ಅಂಗಡಿಯಲ್ಲಿತ್ತು. ಕೊಳ್ಳುವುದೋ, ಮಾಡುವುದೋ? ಭಾವನವರು ನಾಲ್ಕು ಸಲ ನಿಪ್ಪಾಣಿ ಬಸ್ಸು ಹತ್ತಿದರು. ದಾರದಿಂದ ಮೇಜಿನ ಉದ್ದ ಅಳೆದು ಗಂಟು ಹಾಕಿಕೊಂಡರು, ಮತ್ತೆ ಹೋಗಿ ಅಗಲ ಅಳೆದು ಗಂಟು ಹಾಕಿಕೊಂಡರು.

"ಕಾಕಾ, ಇದನ್ನ ತಗೋತೀರೋ, ಇದಕ್ಕ ಅಂಗಿ ಹೊಲಸ್ತೀರೋ?" ಎಂದ ಅಂಗಡಿಯವ.

ಐದನೆಯ ಸಲ ಅವರು ಹೋದಾಗ, ಸೀರೆ ತರಲು ಹೊರಟಿದ್ದ ನಾನೂ ಅಕ್ಕನೂ ಜೊತೆಗಿದ್ದೆವು. ಭಾವನವರು ಮೇಜಿನ ಮೇಲೆ ಬಗ್ಗಿದರು. ಹಲಗೆಗಳು ಕೂಡಿದ ಗೆರೆಗೆ ಮೂಗು ಹಚ್ಚಿದರು. ಈ ತುದಿಯಿಂದ ಆ ತುದಿಯತನಕ ಮೂಸಿದರು. ಅಂಗಡಿಯ ಗಿರಾಕಿಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಸೆರಗನ್ನು ಹಣೆಯತನಕ ಎಳೆದುಕೊಂಡೆ.

"ಏನ ಹುಡಕಾಕತ್ತೀರಿ ಕಾಕಾ?"

"ಸರೇಸು ಹಾಕಿ ಅಂಟಿಸ್ಯಾರೇನು ಅಂತ."

ಸರೇಸು ಅಂದರೆ ದನದ ತೊಗಲು, ಎಲುಬು ಕುದಿಸಿ ಮಾಡುವ ಬಡಿಗೇರ ಅಂಟು. ಅಂಗಡಿಯವ ಒಮ್ಮೆ ಮೇಜು ನೋಡಿದ, ಒಮ್ಮೆ ಭಾವನವರ ಮೂಗು ನೋಡಿದ. ಆಮೇಲೆ, "ಟೇಬಲ್ ರೀ ಇದು. ನೀವು ಇದನ್ನ ತಿನ್ನೋರೇನು?" ಎಂದ.

ಭಾವನವರು ಗಂಭೀರವಾಗಿ ಮೂಗು ಒರೆಸಿಕೊಂಡರು. "ಇವತ್ತ ನನಗ ನೆಗಡಿ ಐತಿ, ವಾಸನಿ ಹತ್ತವಲ್ದು. ಮುಂದಿನ ವಾರ ಬರ್ತೀನಿ."

ಮುಂದಿನ ವಾರ ನೆಗಡಿ ಹೋಯಿತು, ಸರೇಸಿನ ವಾಸನೆ ಹತ್ತಿತು, ಕೊಳ್ಳುವ ಮಾತು ಮುಗಿಯಿತು. ಇನ್ನು ಮಾಡುವುದೇ. "ಕೊಂಡಿದ್ರ ಒಂದ ಟೇಬಲ್ ಮನಿಗೆ ಬರತಿತ್ತು. ಈಗ ಮನಿ ಬಿಟ್ಟು ಹೋಗೂ ಪಾಳಿ ನಮ್ದು" ಎಂದಳು ಅಕ್ಕ.

ಮಾವಿನ ಹಲಗೆ ಬಂತು. ಹಲಗೆಯಲ್ಲಿ ಸಾಸಿವೆಯಷ್ಟು ತೂತು. ಟಕ್ ಟಕ್ ಆಯಿತು, ಬಹುವಚನ ಆಯಿತು. ಬಿಸಿಲಿಗಿಟ್ಟರೆ ಒಳಗಿದ್ದವರಿಗೆ ತ್ರಾಸು ಎಂದು ಹಲಗೆಯನ್ನು ಕೊಟ್ಟಿಗೆಯ ನೆರಳಲ್ಲಿ ಒರಗಿಸಿದರು. ದಿನಾ ಬೆಳಿಗ್ಗೆ ಅದರ ಬುಡದಲ್ಲಿ ಹುಳ ಕೊರೆದ ಚಿಟಿಕೆಯಷ್ಟು ಹಿಟ್ಟು ಬಿದ್ದಿರುತ್ತಿತ್ತು. ಭಾವನವರು ನಾಷ್ಟಾಕ್ಕೆ ಬಂದು ವರದಿ ಒಪ್ಪಿಸುತ್ತಿದ್ದರು: "ಇವತ್ತೂ ಅದಾರ."

ಹತ್ತು ದಿನ "ಇವತ್ತೂ ಅದಾರ". ಹದಿನೈದು ದಿನ "ಇವತ್ತೂ ಅದಾರ". ಶಾಲೆ ತೆರೆಯುವುದಕ್ಕೆ ಎರಡು ವಾರ ಉಳಿಯಿತು. ಅದು ದಾಟಿ ಚಾತುರ್ಮಾಸ ಕೂತರೆ, ಮಳೆಗಾಲದ ಜೀವಗಳಿಗೆ ಹಿಂಸೆ ಎಂದು ನಾಲ್ಕು ತಿಂಗಳು ಮಶೀನಿಗೇ ಬೀಗ. ನಾನು ಹೇಳುವುದಾದರೂ ಯಾರಿಗೆ? ಆಗಿನ ಕಾಲಕ್ಕೆ ನಮ್ಮಲ್ಲಿ ಭಾವನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ನಾನು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಕಂಬಕ್ಕೆ ನಾನು ಹೇಳಿದಷ್ಟು ಮಾತನ್ನು ಯಜಮಾನರಿಗೂ ಹೇಳಿಲ್ಲ.

ಹೀಗಿರುವಾಗ ಒಂದು ದಿನ ಮಗಳು ಪಾಟೀಚೀಲವನ್ನು ಗೂಟದಿಂದ ಇಳಿಸಿ, ಪುಸ್ತಕ ಸುರಿದು, ತಂದು ನನ್ನ ಮುಂದಿಟ್ಟಳು.

"ಇದು ಯಾಕ ಬೇ?" ಎಂದೆ.

"ಶೇಂಗಾ ಇಡಾಕ ಬರತೈತಿ ತಗೋ. ಸಾಲಿಗೆ ಹೋಗೂದಿಲ್ಲಲ್ಲ."

ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಅಷ್ಟು ಹೇಳಿ ಬಗ್ಗಿ ಬಗ್ಗಿ ಹೊರಗೆ ಹೋದಳು.

ಅವತ್ತು ನಾವು ಶಾವಿಗೆ ಮಾಡಲು ಕೂತಿದ್ದೆವು. ಹಿಟ್ಟು ಹದಕ್ಕೆ ಬಂದಿತ್ತು. ಮುಂದೆ ಶಾವಿಗೆ ಮಣೆ, ಕುದುರೆ ಹತ್ತಿದಂತೆ ಹತ್ತಿ ಕೂತು ಹಿಟ್ಟನ್ನು ಎಳೆ ತೆಗೆಯುವ ಉದ್ದನೆಯ ಹಲಗೆ. ನನ್ನ ಮದುವೆಯಲ್ಲಿ ತವರಿನವರು ಕಾಗವಾಡದಿಂದ ಕೊಟ್ಟು ಕಳಿಸಿದ್ದು. ಅದರ ಮೇಲೆ ಕೂತವಳು ಅದನ್ನೇ ನೋಡಿದೆ. ಕೂತಲ್ಲಿಂದ ಎದ್ದೆ. ಮಣೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಸೆರಗು ಜಾರಿತ್ತೇನೋ, ನೆನಪಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಭಾವನವರ ಎದುರಿಗೆ ನಿಂತೆ.

"ಭಾವಾರ, ಇದನ್ನ ತಗೋರಿ. ಟೇಬಲ್ ಇದು."

ಹದಿಮೂರು ವರ್ಷದಲ್ಲಿ ನಾನು ಅವರಿಗೆ ನೇರ ಆಡಿದ ಮೊದಲ ಮಾತು. ಭಾವನವರು ಗಾಬರಿಯಾಗಿ ಎಡಕ್ಕೆ ತಿರುಗಿ ಎಮ್ಮೆ ಕಟ್ಟಿದ ಗೂಟಕ್ಕೆ ಹೇಳಿದರು: "ಅದು ಅವರ ತವರಮನಿ ಮಣಿ ಅಲ್ಲೇನು, ಕೇಳು."

"ಹೌದ್ರಿ, ತವರಮನಿದು. ಒಂದ ಹಲಗಿ ಸಾಗವಾನಿ. ಜೋಡಣಿ ಇಲ್ಲ, ಸರೇಸಿಲ್ಲ. ನಮ್ಮವ್ವನ ಕಾಲದಿಂದ ಎಣ್ಣಿ ಕುಡದೈತಿ, ಒಂದ ಹುಳ ಹೊಕ್ಕಿಲ್ಲ. ನಿಮ್ಮ ಮಾವಿನ ಹಲಗ್ಯಾಗ ಇದ್ದೋರು ಬೇಕಾದ್ರ ಅಲ್ಲೇ ಮೊಮ್ಮಕ್ಕಳ ಕಾಣ್ಲಿ. ನನ್ನ ಮಗಳು ಜೂನಿಗೆ ಸಾಲಿಗೆ ಹೋಗಬೇಕು."

ಅವರು ಮಣೆಯನ್ನು ಇಳಿಸಿಕೊಂಡರು. ಮೂಸಿದರು. ಬಡಿದರು. ಕಿವಿ ಹಚ್ಚಿದರು. ಬಹಳ ಹೊತ್ತಿನ ಮೇಲೆ, "ಯಾರೂ ಇಲ್ಲ" ಎಂದರು. ಈ ಸಲ ನನಗೇ ಹೇಳಿದರು.

ಆದರೂ ಒಂದು ತೊಡಕು. ಮಣೆಯನ್ನು ಮಶೀನಿನ ತಟ್ಟೆಗೆ ಬಿಗಿಯಲು ಮಣೆಗೆ ನಾಲ್ಕು ನೆಟ್ಟನೆಯ ತೂತು ಬೇಕು. ನೆಟ್ಟನೆಯ ತೂತಿಗೆ ಮೇಜು ಬೇಕು. ಮೇಜು ಆಗಬೇಕಾದದ್ದೇ ಆ ಮಣೆ! ಭಾವನವರು ಗಲ್ಲಕ್ಕೆ ಕೈಹಚ್ಚಿ ಕೂತುಬಿಟ್ಟರು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದಳು. "ಜೀವನಪೂರ್ತಿ ಶಾವಿಗಿ ಮಣಿ ಹಿಡದೋರು ನಾವು. ನೀವು ಹಿಡಿಕಿ ಎಳೀರಿ" ಎಂದಳು. ಒಂದು ತುದಿ ಆಕೆ, ಒಂದು ತುದಿ ನಾನು ತೊಡೆಯ ಮೇಲೆ ಹೊತ್ತು ಕೂತೆವು. ಮಗಳು ಎದುರಿಗೆ ಕೂತು ಒಂದು ತಂಬಿಗೆ ನೀರನ್ನು ಮಣೆಯ ನಡುವೆ ಇಟ್ಟಳು. "ಅವ್ವಾ, ನಿನ್ನ ಕಡಿ ಇಳದೈತಿ. ದೊಡವ್ವಾ, ನೀ ಒಂದ ಚೂರ ಕೆಳಗ" ಎಂದು ತಂಬಿಗೆಯ ನೀರು ನೋಡುತ್ತ ಅಪ್ಪಣೆ ಕೊಟ್ಟಳು. ನೀರು ಅಂಚಿಗೆ ಸಮವಾಯಿತು. ತಂಬಿಗೆ ತೆಗೆದಳು. ಹಿಡಿಕೆ ಇಳಿಯಿತು.

ತವರಿನ ಮಣೆಗೆ ಬೈರಿಗೆ ಹೊಕ್ಕಾಗ ನನಗೆ ಒಂದು ಕ್ಷಣ ಚುಚ್ಚಿದಂತಾಯಿತು. ಎರಡನೆಯ ತೂತಿಗೆ ಅಷ್ಟು ಆಗಲಿಲ್ಲ. ನಾಲ್ಕನೆಯದಕ್ಕೆ ಹೊಟ್ಟು ಊದಿದವಳೇ ನಾನು. ಹದಕ್ಕೆ ಬಂದಿದ್ದ ಆ ಹಿಟ್ಟನ್ನು ಹೊತ್ತು ಮುಳುಗುವುದರೊಳಗೆ ಚಪಾತಿ ಮಾಡಿದೆವು, ಓಣಿಗೆಲ್ಲ ಹಂಚಿದರೂ ಮಿಕ್ಕಿತು.

ಎಂಟು ದಿನದಲ್ಲಿ ಕುಬಡಿ ತಯಾರಾದವು. ಭಾವನವರು ಬೋಲ್ಟನ್ನು ತೂತಿನ ಬಾಯಿಗೆ ಇಟ್ಟು ಕೈ ಬಿಟ್ಟರು. ಯಾರೂ ಒತ್ತಲಿಲ್ಲ, ಬಡಿಯಲಿಲ್ಲ. ಅದು ತನ್ನ ಭಾರಕ್ಕೆ ತಾನೇ ಜಾರಿ ಆಚೆ ಕಡೆ ತಲೆ ಹಾಕಿತು. ಅಕ್ಕ ಒಳಗೆ ಹೋಗಿ, ಗಂಡ ಕೇಳದಿದ್ದರೂ, ಅವರಿಗೆ ಎರಡನೇ ಸಲ ಚಹಾ ತಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಶಾಲೆ ತೆರೆದ ದಿನ ಮಗಳು ನೆಟ್ಟಗೆ ನಿಂತಳು. ಶೇಂಗಾ ಸುರಿದು ಪಾಟೀಚೀಲ ಕೊಡವಿಕೊಂಡು ಬೆನ್ನಿಗೆ ಹಾಕಿಕೊಂಡಳು. ಪೇಟೆಯ ನಡುವಿನಿಂದಲೇ ಹೋದಳು, ಸಂದಿಯ ದಾರಿ ಬೇಡವೆಂದಳು. ಅವರಪ್ಪ ಖಾಲಿ ಸೈಕಲ್ಲು ತಳ್ಳುತ್ತ ಹಿಂದೆ, ಭಾವನವರು ಹಾದಿಯ ಕಲ್ಲು ಸರಿಸುತ್ತ ಮುಂದೆ. ಹಾಲಿನ ಡೇರಿಯ ಸಾಲಿನಲ್ಲಿ ನಿಂತವರು ಕೇಳಿದರು: "ಯಾರ ಮಾಡಿದ್ರು ಬೇ ಕುಬಡಿ?" ಹುಡುಗಿ ನಿಲ್ಲದೆ ಹೇಳಿದಳು: "ನಾವ."

ಆ ವಾರ ನಿಪ್ಪಾಣಿಯ ಅಂಗಡಿಯವ ಸದಲಗಾಕ್ಕೆ ಬಂದವನು ಮನೆ ಹುಡುಕಿಕೊಂಡು ಬಂದ. ಕಾಕಾ ಯಾಕೆ ಮೂಸಲು ಬರಲಿಲ್ಲ ಎಂದು ಅವನಿಗೆ ಚಿಂತೆಯಾಗಿತ್ತಂತೆ. ಮೇಜು ನೋಡಿದ, ಕೋಲು ಇಟ್ಟು ಸರಿಸಿ ನೋಡಿದ, ಸುತ್ತ ಒಂದು ಪ್ರದಕ್ಷಿಣೆ ಬಂದ. ಕಡೆಗೆ ಬಗ್ಗಿ ತಾನೇ ಮೂಸಿದ.

"ಕಾಕಾ, ಶಾವಿಗಿ ಪಾಯಸದ ವಾಸನಿ ಬರಾಕತ್ತೈತಲ್ರಿ" ಎಂದ. ಭಾವನವರ ಮೀಸೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತು ಸಂಜೆ ಊಟ ಮುಗಿಸಿ ಕುಬಡಿಗಳಿಗೆ ಎಣ್ಣೆ ಒರೆಸುತ್ತ ಕೂತಿದ್ದೆ. ಎರಡೂ ಬೋಲ್ಟು ಇದ್ದದ್ದು ಕೋಲಿನ ಎಲ್ಲಕ್ಕೂ ಕೆಳಗಿನ ಎರಡು ತೂತುಗಳಲ್ಲಿ. ಅವುಗಳ ಮೇಲೆ ಸಾಲಾಗಿ ಇನ್ನೂ ಹನ್ನೊಂದು ತೂತು, ಎಲ್ಲ ಖಾಲಿ. ಬೋಲ್ಟು ಒಂದೊಂದು ತೂತು ಮೇಲೇರಿದಂತೆ ಕುಬಡಿ ಅಷ್ಟಷ್ಟು ಉದ್ದ.

"ಅಕ್ಕಾ, ಇಷ್ಟ್ಯಾಕ ಹಾಕ್ಯಾರ? ಎರಡ ವರ್ಷಕ್ಕ ಮೂರ ಸಾಕಿತ್ತು" ಎಂದೆ.

ಅಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಮಾಡೂ ಮುಂದ ಅವರು ಮ್ಯಾಲಿನ ತೂತಿಗೆ ಬೋಲ್ಟ ಹಾಕಿ ನನಗ ಹಿಡಕೊಂಡ ನಿಲ್ಲಂದ್ರು. 'ಅವರವ್ವ ನಿನ್ನಷ್ಟ ಎತ್ತರ ಅದಾಳಲ್ಲ, ಅಕೀನೂ ಅಲ್ಲಿಗೆ ಬರ್ತಾಳ' ಅಂದ್ರು."

ನಾನು ಬೋಲ್ಟು ಬಿಚ್ಚಿದೆ. ಕೋಲನ್ನು ಕೆಳಕ್ಕೆ ಜಾರಿಸಿ ಎಲ್ಲಕ್ಕೂ ಮೇಲಿನ ಎರಡು ತೂತಿಗೆ ಹಾಕಿದೆ. ಎದ್ದು ನಿಂತು ಬಗಲಿಗೆ ಇಟ್ಟುಕೊಂಡೆ. ನನಗಾಗಿಯೇ ಮಾಡಿದ ಹಾಗೆ ಕೂತಿತು.

ಆಕೆಯ ಕಾಲಿಗಾಗಿ ನಮ್ಮ ಬಸ್ತಿಯಲ್ಲಿ ತೀರ್ಥಂಕರರ ಮುಂದೆ ನಾನು ಎಷ್ಟು ಸಲ ಕೈ ಜೋಡಿಸಿದ್ದೆನೋ ದೇವರಿಗೇ ಗೊತ್ತು. ಆದರೆ ಆಕೆ ಬೆಳೆದು ಒಂದು ದಿನ ನನ್ನ ಎತ್ತರಕ್ಕೆ ನಿಲ್ಲುತ್ತಾಳೆ ಎನ್ನುವುದು, ಹಡೆದ ನನಗೆ, ಅಲ್ಲಿಯವರೆಗೆ ಒಮ್ಮೆಯೂ ಹೊಳೆದಿರಲಿಲ್ಲ.